ರಾಯರು ಎತ್ತಲಾರದ ವಿಲ್ಲು

ಮೈಸೂರಿನ ನಮ್ಮ ಬಡಾವಣೆಯ ರಾಯರು ಬರೆಯದೆ ಬಿಟ್ಟ ಲೆಕ್ಕವಿಲ್ಲ. 1987ರಲ್ಲಿ ಕೊಂಡ ಮಿಕ್ಸಿಯ ರಸೀದಿ ಇವತ್ತಿಗೂ ಅವರ ಬೀರುವಿನಲ್ಲಿ ಭದ್ರವಾಗಿದೆ. ಆ ಮಿಕ್ಸಿ ಗುಜರಿಗೆ ಹೋಗಿ, ಆಮೇಲಿನ ಎರಡೂ ಹೋದವು. ಹಾಲಿನವನು ಬಾರದ ದಿನ ಕ್ಯಾಲೆಂಡರಿನಲ್ಲಿ ಸೊನ್ನೆ, ಸಿಲಿಂಡರಿನ ಮೈಮೇಲೆ ಹಚ್ಚಿದ ತಾರೀಖು, ಕೊಡೆಯ ಹಿಡಿಯ ಮೇಲೆ ಹೆಸರು. ಬಾಕಿ ಉಳಿದಿರುವುದು ಒಂದೇ ಒಂದು ಕಾಗದ. ಅದರ ಮಾತೆತ್ತಿದರೆ ಸಾಕು, ಹರಳೆಣ್ಣೆ ಕುಡಿದವರ ಮುಖವಾಗುತ್ತದೆ.

"ಬಿಡ್ತು ಅನ್ನಯ್ಯಾ! ಎಪ್ಪತ್ತೊಂದು ಒಂದು ವಯಸ್ಸೇ? ನಮ್ಮಮ್ಮ ತೊಂಬತ್ತಮೂರಕ್ಕೆ ಇನ್ನೂ ಚಕ್ಕುಲಿ ಕಡೀತಾಳೆ."

ಬೆಳಗಿನ ವಾಕಿಂಗಿನಲ್ಲಿ ಊರಿಗೆಲ್ಲ "ವಿಲ್ ಬರೆದಿಡಿ" ಎಂದು ಬುದ್ಧಿ ಹೇಳುವವರೂ ಇವರೇ. ಹೇಳುವ ಅಧಿಕಾರ ಉಂಟೆನ್ನಿ. ತಂದೆ ಒಂದು ಚೀಟಿಯನ್ನೂ ಬರೆಯದೆ ಹೋದದ್ದರಿಂದ ತಾಮ್ರದ ಹಂಡೆ ಯಾರದೆಂಬ ಪ್ರಶ್ನೆಯೆದ್ದು, ರಾಯರೂ ಇರುವ ಒಬ್ಬನೇ ತಮ್ಮನೂ ಮಾತು ಬಿಟ್ಟು ಇಪ್ಪತ್ತೆರಡು ವರ್ಷವಾಯಿತು. ಹಂಡೆ ತಮ್ಮನ ಮನೆಯಲ್ಲಿದೆ. ಮುಚ್ಚಳ ರಾಯರ ಅಟ್ಟದಲ್ಲಿದೆ.

ಬರೆಯದಿರುವುದರಲ್ಲೂ ಒಂದು ವರಮಾನವಿದೆ ಎಂದು ನನಗೆ ಗುಮಾನಿ. ದೊಡ್ಡ ಮಗನಿಗೆ "ಮನೆ ನಿನಗೇ ಕಣೋ", ಚಿಕ್ಕವನಿಗೆ "ನಿನ್ನ ಮರೀತೀನೇನೋ", ಮಗಳ ಮುಂದೆ ಅರ್ಥಗರ್ಭಿತ ನಿಟ್ಟುಸಿರು. ಮೂರು ಕಡೆಯಿಂದಲೂ ಹಾರ್ಲಿಕ್ಸ್ ಬರುತ್ತದೆ. ಬರೆದು ಮುಗಿಸಿದವನಿಗೆ ಯಾರು ತರುತ್ತಾರೆ?

ಬ್ಯಾಂಕಿನ ವಿಚಾರ ಕೇಳಿದರೆ "ನಾಮಿನಿ ಹಾಕಿದೀನಲ್ಲ" ಎಂದು ಎದೆಯುಬ್ಬಿಸುತ್ತಾರೆ. ನಾಮಿನಿಯೆಂದರೆ ದುಡ್ಡು ಕೈಗೆ ತೆಗೆದುಕೊಳ್ಳುವವನು, ವಾರಸುದಾರನಲ್ಲ; ವಿಮೆ ಹಣದ ಬಗ್ಗೆ ಸುಪ್ರೀಂ ಕೋರ್ಟು 1984ರಲ್ಲೇ ಇದನ್ನು ಹೇಳಿತ್ತು. ರಾಯರು ಕೋರ್ಟಿನ ಮಾತಿಗಿಂತ ಕೌಂಟರಿನ ಹುಡುಗನ ಮಾತನ್ನು ಹೆಚ್ಚು ನಂಬುತ್ತಾರೆ.

ಮೊನ್ನೆ ಅವರ ಜಗಲಿಯಲ್ಲಿ ಕಾಫಿ ಕುಡಿಯುತ್ತ ತಡೆಯಲಾರದೆ ಹೇಳಿಬಿಟ್ಟೆ: "ರಾಯರೇ, ನೀವು ಬರೀದಿದ್ರೇನಂತೆ, ಸರ್ಕಾರ ನಿಮ್ಮ ಪರವಾಗಿ 1956ರಲ್ಲೇ ಬರೆದಿಟ್ಟಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆ. ಸ್ವಂತ ದುಡಿಮೆಯ ಈ ಮನೆ ನಿಮ್ಮ ಹೆಂಡತಿಗೆ, ಇಬ್ಬರು ಗಂಡುಮಕ್ಕಳಿಗೆ, ಮಗಳಿಗೆ, ನಿಮ್ಮ ತಾಯಿಗೆ, ಐದು ಸಮಪಾಲು."

"ಅಮ್ಮಂಗೂನಾ? ಇರ್ಲಿ ಬಿಡು, ಹೆತ್ತೋಳು."

"ಆಮೇಲೆ ಅಮ್ಮನೂ ಬರೀದೆ ಹೋದ್ರೆ, ಅವರ ಪಾಲಲ್ಲಿ ಅರ್ಧ ನಿಮ್ಮ ಮಕ್ಕಳಿಗೆ, ಅರ್ಧ ನಿಮ್ಮ ತಮ್ಮನಿಗೆ."

ಲೋಟ ಬಾಯಿಗೂ ಹೋಗದೆ ಕೆಳಗೂ ಇಳಿಯದೆ ನಿಂತಿತು. ಲೆಕ್ಕದಲ್ಲಿ ರಾಯರು ಚುರುಕು. ಐದರಲ್ಲೊಂದರ ಅರ್ಧ, ಹತ್ತರಲ್ಲೊಂದು. 30x40 ಸೈಟಿನಲ್ಲಿ 120 ಚದರ ಅಡಿ. "ಅಂದ್ರೆ ದೇವರಮನೆ, ಬಚ್ಚಲು! ಆ ಹಂಡೆ ತಂದು ಅಲ್ಲೇ ಇಟ್ಕೋತಾನಲ್ಲೋ!"

ಅಂದೇ ಸಂಜೆ ನನಗೆ ಬುಲಾವ್. ಛಾಪಾ ಕಾಗದ ಬೇಡ, ನೋಂದಣಿ ಒಳ್ಳೆಯದಾದರೂ ಕಡ್ಡಾಯವಲ್ಲ, ಬಿಳಿ ಹಾಳೆ, ನಿಮ್ಮ ಸಹಿ, ಅದನ್ನು ಕಂಡ ಇಬ್ಬರು ಸಾಕ್ಷಿಗಳ ಸಹಿ, ಇಷ್ಟೇ ಎಂದೆ. ರಾಯರು ಮೇಲೆ 'ಶ್ರೀ' ಬರೆದರು. ಪಂಚಾಂಗ ತೆಗೆದರು. ಆಷಾಢ ಬೇಡ. ಶ್ರಾವಣದಲ್ಲಿ ಸಾವಿನ ಮಾತೇ? ಪಿತೃಪಕ್ಷ, ಶಿವ ಶಿವಾ. ಧನುರ್ಮಾಸ ಕೇಳಲೇಬೇಡಿ. ಕೊನೆಗೆ ಒಳಗಿನಿಂದ ಅವರ ಮನೆಯವರು "ಹಂಡೆಗೆ ಯಾವ ಮಾಸವಾದರೇನು, ಬರೀರಿ" ಎಂದ ಮೇಲೆ ಪೆನ್ನು ಮತ್ತೆ ಕೈಗೆ ಬಂತು.

"ಸಾಕ್ಷಿಗೆ ನೀನು ಹಾಕು. ಒಂದು ನಿಮಿಷ, ನಾಳೆ ಕೋರ್ಟಿಗೇನಾದ್ರೂ ಹೋದ್ರೆ ಸಾಕ್ಷಿ ಬಂದು ಹೇಳ್ಬೇಕಲ್ಲವೇ?"

"ಹೌದು, ಒಬ್ಬರಾದರೂ."

ರಾಯರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಊಟ ಆದ್ಮೇಲೆ ನಿನ್ನ ಶುಗರ್ ಎಷ್ಟಿದೆ?"

"ಇನ್ನೂರ ನಲವತ್ತು."

ಪೆನ್ನಿನ ಮುಚ್ಚಳ ಹಾಕಿದರು.