ನಡುಮನೆಯಲ್ಲೊಂದು ಬಚ್ಚಲು

ನಮ್ಮೂರ ಕಡೆ ಬೂಟೀಕ್ ಅಂದರೆ ರವಿಕೆ ಹೊಲಿಯುವ ಅಂಗಡಿ. ಬಸ್‌ಸ್ಟ್ಯಾಂಡ್ ಪಕ್ಕದ ದರ್ಜಿ ಮುನ್ನೂರಕ್ಕೆ ಹೊಲಿಯುವ ರವಿಕೆಗೆ ಬೆನ್ನ ಹಿಂದೆ ಎರಡು ಗೊಂಡೆ ಇಳಿಬಿಟ್ಟು ಮೂರು ಸಾವಿರ ಕೇಳಿದರೆ ಅದು ಬೂಟೀಕು. ಹೋಟೆಲ್ ಅಂದರೆ ಇಡ್ಲಿ-ವಡೆ, ಅದರಲ್ಲಿ ತಕರಾರಿಲ್ಲ. ಹೀಗಿರುವಾಗ ಮಗಳು ಫೋನ್ ಮಾಡಿ, "ಅಪ್ಪಾ, ಪ್ಯಾರಿಸ್ಸಲ್ಲಿ ನಿಮ್ಮಿಬ್ಬರಿಗೂ ಬೂಟೀಕ್ ಹೋಟೆಲ್ ಬುಕ್ ಮಾಡಿದೀನಿ" ಅಂದಳು. ಒಂದು ಮೂಲೆಯಲ್ಲಿ ವಡೆ ಕರಿಯುತ್ತಾ ಇನ್ನೊಂದು ಮೂಲೆಯಲ್ಲಿ ತೋಳಿನ ಅಳತೆ ತೆಗೆಯುವ ಜಾಗವೊಂದು ನನ್ನ ಕಣ್ಣಿಗೆ ಕಟ್ಟಿತು.

ತಮಾಷೆ ಏನೆಂದರೆ, ಎರಡೂ ಶಬ್ದ ಫ್ರೆಂಚರವೇ. ಆದರೆ ಅಲ್ಲಿ ಬೂಟೀಕ್ ಅಂದರೆ ಬರೀ ಅಂಗಡಿ, ಯಾವ ಅಂಗಡಿಯಾದರೂ ಸೈ. ಹೋಟೆಲ್ ಅಂದರೆ ಏನು ಅನ್ನುವುದನ್ನು ಮಾತ್ರ ನಾವು ಪಾಡುಪಟ್ಟು ಕಲಿತೆವು. ಮೆಟ್ರೋದಿಂದ ಮೇಲೆ ಬಂದರೆ ಎದುರಿಗೇ ಅರಮನೆಯಂಥ ಕಟ್ಟಡ, ಸ್ಟೇಷನ್ನಿನ ಹೆಸರೂ ಓತೆಲ್ ದ ವಿಲ್. "ಇದೇ ಕಣ್ರೀ ನಮ್ಮ ಹೋಟ್ಲು, ಮಗಳು ದುಡ್ಡಿನ ಮುಖ ನೋಡಿಲ್ಲ" ಎಂದು ನಮ್ಮನೆಯವಳು ಸೂಟ್‌ಕೇಸು ಎಳೆದುಕೊಂಡು ಹೊರಟೇಬಿಟ್ಟಳು. ಕಾವಲಿನವನು ನಯವಾಗಿ ತಡೆದ. ಅದು ಪ್ಯಾರಿಸ್ಸಿನ ನಗರಸಭೆ! 1871ರ ದಂಗೆಯಲ್ಲಿ ಸುಟ್ಟುಹೋಗಿ ಮತ್ತೆ ಕಟ್ಟಿಸಿದ್ದು. ರೂಮು ಕೇಳಿಕೊಂಡು ಕಾರ್ಪೊರೇಷನ್ ಆಫೀಸಿಗೆ ಹೋದವರು ನಾವೇ ಮೊದಲಿರಲಾರೆವು. ಮುಂದೆ ಬೋನ್ ಎಂಬ ಊರಿಗೆ ಹೋದಾಗ ಓತೆಲ್ ದ್ಯೂ ಎಂಬ ಬೋರ್ಡು ಕಂಡಿತು. ನಾನು ಹುಷಾರಾಗಿದ್ದೆ. ಅದು 1443ರಲ್ಲಿ ಬಡವರಿಗೆಂದು ಶುರು ಮಾಡಿದ ಆಸ್ಪತ್ರೆ.

ಅಸಲಿಗೆ ಓತೆಲ್ ಅಂದರೆ ದೊಡ್ಡ ಮನೆ, ಶ್ರೀಮಂತರ ವಾಡೆ. ನಾವು ಇಳಿದುಕೊಂಡ ಮಾರೆ ಎಂಬ ಬಡಾವಣೆಯ ತುಂಬ ಹದಿನೇಳನೇ ಶತಮಾನದ ಅಂಥ ವಾಡೆಗಳೇ. ಅಂಥದ್ದೊಂದು ಹಳೇ ಮನೆಯನ್ನೇ ಹದಿನೈದಿಪ್ಪತ್ತು ರೂಮುಗಳ ವಸತಿಗೃಹ ಮಾಡಿ, ಒಂದೊಂದಕ್ಕೂ ಒಂದೊಂದು ಬಣ್ಣ ಬಳಿದಿದ್ದಾರೆ. ಹೀಗೆ ಮಾಡಿದ್ದಕ್ಕೆ ಬೂಟೀಕ್ ಹೋಟೆಲ್ ಎಂದು ನಾಮಕರಣ ಮಾಡಿದವರು ಫ್ರೆಂಚರಲ್ಲ, ಅಮೆರಿಕದವರು. ನ್ಯೂಯಾರ್ಕಿನಲ್ಲಿ 1984ರಲ್ಲಿ ಮಾರ್ಗನ್ಸ್ ಎಂಬ ಹೋಟೆಲು ತೆರೆದ ಕಾಲಕ್ಕೆ ಈ ಜೋಡುಪದ ಚಾಲ್ತಿಗೆ ಬಂತು. ಮನೆಮಗಳು ಪರದೇಶ ಸುತ್ತಿ ಜೀನ್ಸ್ ಹಾಕಿಕೊಂಡು ತವರಿಗೆ ಬಂದ ಹಾಗೆ ಫ್ರೆಂಚ್ ಮಾತೇ ಫ್ರಾನ್ಸಿಗೆ ತಿರುಗಿ ಬಂದಿದೆ.

ಕೌಂಟರಿನ ಹುಡುಗ ಹಿತ್ತಾಳೆಯ ಬೀಗದ ಕೈ ಕೊಟ್ಟ. ಅದರ ತುದಿಗೆ ಕೆಂಪು ರೇಷ್ಮೆಯ ಗೊಂಡೆ! "ನೋಡಿದ್ರಾ, ಬೂಟೀಕೇ" ಅಂದಳು ಇವಳು. ಲಿಫ್ಟು ಮೆಟ್ಟಿಲುಗಳ ನಡುವಿನ ಸಂದಿಯಲ್ಲಿ ತೂರಿಸಿದ್ದು, ನಮ್ಮ ದೇವರಗೂಡಿಗಿಂತ ಒಂದು ಸುತ್ತು ದೊಡ್ಡದು. ಸೂಟ್‌ಕೇಸು ಮತ್ತು ಹೆಂಡತಿ ಹಿಡಿಸಿದರು, ನಾನು ಹಿಡಿಸಲಿಲ್ಲ. ಮೆಟ್ಟಿಲು ಹತ್ತಿದೆ. ಆ ದೇಶದಲ್ಲಿ ಮೆಟ್ಟಿಲ ದೀಪಕ್ಕೆ ಗಡಿಯಾರ ಕಟ್ಟಿರುತ್ತಾರೆ: ಗುಂಡಿ ಒತ್ತಿದರೆ ಹತ್ತುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಆರುತ್ತದೆ. ಆ ಸ್ವಲ್ಪ ಹೊತ್ತು ಎಷ್ಟು ಎಂಬುದನ್ನು ಮಂಡಿನೋವಿಲ್ಲದವರು ನಿರ್ಧರಿಸಿದಂತಿದೆ. ಎರಡನೇ ಮಹಡಿ ದಾಟುವಷ್ಟರಲ್ಲಿ ಕಗ್ಗತ್ತಲು. ಗುಂಡಿ ಹುಡುಕುತ್ತಾ ಗೋಡೆಗೆ ಹಲ್ಲಿಯ ಹಾಗೆ ಅಂಟಿಕೊಂಡಿರುವಾಗ ಯಾರೋ ಕೆಳಗೆ ದೀಪ ಹಾಕಿದರು. ಒಂದು ಎಳೇ ಜೋಡಿ ಮೇಲೆ ಬಂತು. ಬೋನ್‌ಝೂರ್ ಅನ್ನದೆ ಫ್ರಾನ್ಸಿನಲ್ಲಿ ಬಾಯಿ ತೆರೆಯಬಾರದು ಎಂದು ಮಗಳು ಪಾಠ ಮಾಡಿದ್ದಳಲ್ಲ, ಗೋಡೆ ಬಿಡದೆಯೇ "ಬೋನ್‌ಝೂರ್" ಅಂದೆ. ರಾತ್ರಿ ಹತ್ತೂವರೆಗೆ ಶುಭದಿನ ಹಾರೈಸಿದ ಮುದುಕನಿಗೆ ಆ ಹುಡುಗಿ ನಗು ತಡೆದುಕೊಂಡು "ಬೋನ್‌ಸ್ವಾರ್" ಎಂದು ತಿದ್ದಿದಳು.

ರೂಮಿನ ಬಾಗಿಲು ತೆರೆದೇ ಇತ್ತು. ಇವಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ.

"ಏನ್ರೀ ಇದು, ಬಚ್ಚಲಿಗೆ ಬಾಗಿಲೇ ಇಲ್ಲ!"

"ಬಾಗಿಲೇನು ಬಂತು ಕಣೇ, ಗೋಡೆಯೇ ಇಲ್ಲ."

ಮಂಚದ ಎದುರಿಗೆ, ಕಿಟಕಿಯ ಪಕ್ಕದಲ್ಲಿ, ಸಿಂಹಪಾದದ ಬಿಳಿ ತೊಟ್ಟಿಯೊಂದು ಬೀಗರ ಹಾಗೆ ಗತ್ತಿನಿಂದ ಕೂತಿತ್ತು. ಕೌಂಟರಿಗೆ ಫೋನ್ ಮಾಡಿದರೆ, ಅದೇ ಈ ರೂಮಿನ ವಿಶೇಷ, ಅದಕ್ಕೇ ಇದರ ಬಾಡಿಗೆ ಹೆಚ್ಚು ಅಂದ ಹುಡುಗ. ನಮ್ಮ ಅಜ್ಜಿ ಹಂಡೆಯನ್ನು ಹಿತ್ತಿಲಿಗೆ ಇಡಿಸಿದ್ದರು, ಪಾಪ. ನಡುಮನೆಗೆ ತಂದಿಟ್ಟಿದ್ದರೆ ನಾವು ಈ ಹೊತ್ತಿಗೆ ಎಲ್ಲಿರುತ್ತಿದ್ದೆವೋ.

ಇವಳು ಮಾತಾಡದೆ ಸೂಟ್‌ಕೇಸಿನಿಂದ ಹಸಿರು ಮೈಸೂರು ಸಿಲ್ಕ್ ಸೀರೆ ತೆಗೆದಳು. ಮಂಚ ಹತ್ತಿ ಮೇಲಿನ ತೊಲೆಗೆ ಒಂದು ತುದಿ ಸುತ್ತಿದಳು. ಸೆರಗು ತೊಟ್ಟಿಯ ಅಂಚಿನವರೆಗೆ ಇಳಿಯಿತು. ಬಚ್ಚಲು ಸಿದ್ಧ. "ಒಂದು ಚೊಂಬು ಇದ್ದಿದ್ರೆ" ಅಂದಳು. ಅದಕ್ಕೆ ನೀರು ಕುಡಿಯುವ ಗಾಜಿನ ಜಗ್ಗು ಒದಗಿತು.

ತೊಲೆಯ ವಿಷಯ ಹೇಳಬೇಕು. ರೂಮಿನ ಉದ್ದಕ್ಕೂ ನಾಲ್ಕು ಓಕ್ ಮರದ ತೊಲೆಗಳು, ಸೊಟ್ಟಸೊಟ್ಟ, ಕೊಡಲಿಯ ಕಚ್ಚೂ ಕಾಣುವಂಥವು. ಒಂದೊಂದಕ್ಕೂ ಎಣ್ಣೆ ಉಜ್ಜಿ, ಕೆಳಗಿನಿಂದ ಪುಟ್ಟ ದೀಪ ಹಾಯಿಸಿದ್ದರು. ಬಾಗಿಲು ಗಿಡ್ಡ, ಮೂರು ದಿನದಲ್ಲಿ ನಾಲ್ಕು ಸಲ ಹಣೆ ಬಡಿಸಿಕೊಂಡೆ. ನೆಲ ಎಷ್ಟು ಓರೆಯಾಗಿತ್ತೆಂದರೆ ಇವಳ ಮಾತ್ರೆಯ ಡಬ್ಬಿ ತಾನಾಗಿ ಕಿಟಕಿಯ ಕಡೆ ಉರುಳುತ್ತಿತ್ತು. ಈ ಗಿಡ್ಡ ಬಾಗಿಲು, ಈ ಓರೆ ನೆಲ, ಈ ತೊಲೆ ಎಲ್ಲವೂ ತೀರ್ಥಹಳ್ಳಿ ಹತ್ತಿರದ ನಮ್ಮಪ್ಪನ ಮನೆಯಲ್ಲಿ ಬಾಡಿಗೆಯಿಲ್ಲದೆ ಇದ್ದವು. "ಈ ಕತ್ತಲೆ ಕೊಂಪೆಯಲ್ಲಿ ಯಾರಿರ್ತಾರೆ" ಎಂದು ಕೆಡವಿಸಿ ಆರ್‌ಸಿಸಿ ಹಾಕಿಸಿದವನು ನಾನೇ. ಮಾರೆಯೂ ಒಂದು ಕಾಲಕ್ಕೆ ಇಲಿ-ಹೆಗ್ಗಣಗಳ ಕೊಂಪೆಯಾಗಿ ಬುಲ್ಡೋಜರಿಗೆ ಕಾದು ಕೂತಿತ್ತಂತೆ. ಆಗ ಸಂಸ್ಕೃತಿ ಸಚಿವರಾಗಿದ್ದವರು ಕಾದಂಬರಿಕಾರ ಆಂದ್ರೆ ಮಾಲ್ರೋ. 1962ರಲ್ಲಿ ಹಳೇ ಬಡಾವಣೆಗಳನ್ನು ಉಳಿಸುವ ಕಾಯಿದೆ ತಂದರು. ನನ್ನನ್ನು ತಡೆಯಲು ಸಚಿವರಿರಲಿ, ಗ್ರಾಮ ಪಂಚಾಯ್ತಿ ಮೆಂಬರೂ ಬರಲಿಲ್ಲ.

ಬೆಳಗಿನ ತಿಂಡಿಗೆ ಬೇರೆ ದುಡ್ಡು. ಒಂದು ಕ್ರೊಸಾಂಟು, ಒಂದು ತುಂಡು ಬಗೆಟ್ಟು, ಬೆಣ್ಣೆ, ಜಾಮು, ಕಾಫಿ. ಲೆಕ್ಕ ಕೇಳಿ ಇವಳು ಕೋಣೆಗೆ ಬಂದು ಅವಲಕ್ಕಿ ಡಬ್ಬಿ ಬಿಚ್ಚಿದಳು. ಟವೆಲು ಹಾಸಿ ನೆಲದ ಮೇಲೆ ಕೂತು, ಮಿಡಿ ಉಪ್ಪಿನಕಾಯಿ ನಂಜಿಕೊಂಡು ತಿಂದೆವು. ಇದಕ್ಕೆ ಪೂರ್ವಾಧಾರ ಇದೆ, ನಾಚಿಕೆ ಬೇಡ ಎಂದೆ. 1788ರಲ್ಲಿ ಶ್ರೀರಂಗಪಟ್ಟಣದಿಂದ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ಹದಿನಾರನೇ ಲೂಯಿಯನ್ನು ಕಾಣಲು ಇಲ್ಲಿಗೆ ಬಂದಿದ್ದರು. ರಾಣಿಯ ಚಿತ್ರಗಾರ್ತಿ ವಿಜೆ ಲ ಬ್ರಂ ಆ ರಾಯಭಾರಿಗಳ ಬಿಡಾರಕ್ಕೆ ಊಟಕ್ಕೆ ಹೋದಾಗ ನೆಲದ ಮೇಲೇ ಕೂರಿಸಿ, ಕೈಯಲ್ಲೇ ಬಡಿಸಿದರೆಂದು ಆಕೆ ಬರೆದಿಟ್ಟಿದ್ದಾಳೆ. ಅವರಲ್ಲೊಬ್ಬ, ದರ್ವೇಶ್ ಖಾನ್, ಆಕೆ ಬರೆದ ತನ್ನ ಚಿತ್ರವನ್ನು ಕೊಡದೆ ಮಂಚದ ಹಿಂದೆ ಬಚ್ಚಿಟ್ಟುಕೊಂಡನಂತೆ, ಅದಕ್ಕೆ ಇನ್ನೂ ಆತ್ಮ ಬರಬೇಕು ಎಂಬ ನೆಪ ಹೇಳಿ. ನಾವು ಮಂಚದ ಹಿಂದೆ ಬಚ್ಚಿಟ್ಟದ್ದು ಉಪ್ಪಿನಕಾಯಿ ಭರಣಿ ಮಾತ್ರ.

ಸಂಜೆ ಬಂದು ನೋಡಿದರೆ ಕೋಣೆ ಗುಡಿಸುವ ಹೆಂಗಸು ಸೀರೆಯನ್ನು ಬಿಚ್ಚಿರಲಿಲ್ಲ. ನೆರಿಗೆ ನೆರಿಗೆಯಾಗಿ ಕೂಡಿಸಿ, ನಡುವಿಗೆ ಪರದೆಯ ಕೆಂಪು ಗೊಂಡೆ ಕಟ್ಟಿದ್ದಳು. ಭರಣಿಯ ಕೆಳಗೆ ಒಂದು ಬಿಳೀ ನ್ಯಾಪ್‌ಕಿನ್ನು. ಇವಳ ಮುಖ ಅರಳಿದ್ದು ಪ್ಯಾರಿಸ್ಸಿನಲ್ಲಿ ಆಗಲೇ ಮೊದಲು.

ಹೊರಡುವ ದಿನ ಬಿಲ್ಲಿನಲ್ಲಿ ತಲೆಗಿಷ್ಟು, ರಾತ್ರಿಗಿಷ್ಟು ಎಂದು ತಂಗುವ ತೆರಿಗೆಯೂ ಇತ್ತು, 1910ರಿಂದ ಇದೆಯಂತೆ. ನನ್ನ ತಲೆ ಇದ್ದ ಸ್ಥಿತಿಗೆ ರಿಯಾಯಿತಿ ಕೇಳಬಹುದಿತ್ತು. ಇವಳು ಮಂಚ ಹತ್ತಿ ಸೀರೆ ಬಿಚ್ಚುತ್ತಿದ್ದವಳು ತೊಲೆಯನ್ನು ಒಂದೆರಡು ಸಲ ಸವರಿದಳು.

"ಇಲ್ಲೊಂದು ಕಬ್ಬಿಣದ ಕೊಕ್ಕೆ ಇದೆ ನೋಡ್ರೀ. ನಮ್ಮನೆ ತೊಲೆಗೂ ಇತ್ತು, ತೊಟ್ಟಿಲು ಕಟ್ಟೋಕೆ. ಆ ತೊಲೆಗಳನ್ನ ಯಾರಿಗೆ ಮಾರಿದ್ರಿ?"

"ಬೇಗ ಇಳಿ, ಲಿಫ್ಟ್ ಬಂತು" ಅಂದೆ. ಲಿಫ್ಟು ಇನ್ನೂ ಕೆಳಗೇ ಇತ್ತು.