ಕೇಕ್ ಏರಿದ ಕರಂಡೆ

ಕರಂಡೆ ಗಿಡ ಇದ್ದವರಿಗೆ ಬೇಲಿಯ ಖರ್ಚಿಲ್ಲ, ಕಾವಲಿನ ಚಿಂತೆಯಿಲ್ಲ. ವರ್ಷವಿಡೀ ಹಸಿರು, ಹಸಿರಿನ ಒಳಗೆಲ್ಲ ಮುಳ್ಳು. ದನವೂ ಒಮ್ಮೆ ಮೂಸಿ, ಪಕ್ಕದ ಮನೆಯ ಬದನೆಗೆ ಬಾಯಿ ಹಾಕಲು ಹೊರಡುತ್ತದೆ. ಗಿಡಕ್ಕೆ ಬೇಕಾದದ್ದು ಬಿಸಿಲು ಮಾತ್ರ. ಪ್ರೀತಿ ಉಕ್ಕಿ ಬುಡದಲ್ಲಿ ನೀರು ನಿಲ್ಲಿಸಿದಿರೋ, ಬೇರು ಕೊಳೆತು ಕಥೆ ಮುಗಿಯಿತು. ನೋಡಲು ಮಲ್ಲಿಗೆಯಂಥ ಹೂವಾದರೂ ನೆಂಟಸ್ತನವೆಲ್ಲ ಕಣಗಿಲೆಯ ಕಡೆಯದು. ಕಾಯಿ ಕಿತ್ತರೆ ಹಾಲು ಒಸರಿ ಬೆರಳೆಲ್ಲ ಅಂಟು.

ಕಾಯಿ ಬಿಟ್ಟಿತೆಂದರೆ ಮನೆಯಲ್ಲಿ ಎರಡು ಪಕ್ಷ. ಎಳೆಯದರಲ್ಲೇ ಕಿತ್ತು ಉಪ್ಪಿನಕಾಯಿ ಹಾಕಬೇಕೆನ್ನುವುದು ಅಮ್ಮನ ಪಕ್ಷ. ಕಪ್ಪಗೆ ಹಣ್ಣಾಗಲಿ ಎನ್ನುವುದು ನನ್ನದು. ಪಿಕಳಾರ ಹಕ್ಕಿಗಳೂ ನನ್ನ ಪಕ್ಷವೇ, ಆದರೆ ಬೆಳಗಾಗುವ ಮೊದಲೇ ಅವುಗಳ ಊಟ ಮುಗಿದಿರುತ್ತದೆ!

ಇನ್ನು ಬೇಕರಿಯ ಸಂಗತಿ. ಕೇಕಿನ ನೆತ್ತಿಯಲ್ಲಿ ಮೆರೆಯುವ ಕೆಂಪು ‘ಚೆರ್ರಿ’ ಎಷ್ಟೋ ಸಲ ಇದೇ ಕರಂಡೆ. ಬೀಜ ತೆಗೆದು, ಸಕ್ಕರೆ ಪಾಕದಲ್ಲಿ ನೆನೆಸಿ, ಬಣ್ಣ ಕೊಟ್ಟರೆ ಗುಡ್ಡದ ಹುಳಿಕಾಯಿಗೆ ಪರದೇಶದ ಗತ್ತು. ಹಿತ್ತಲಿನ ಕರಂಡೆ ಕಂಡರೆ ಮುಖ ಸಿಂಡರಿಸುವ ನಮ್ಮ ಮಕ್ಕಳು, ಹುಟ್ಟುಹಬ್ಬದ ದಿನ ಅದೊಂದಕ್ಕಾಗಿ ಜುಟ್ಟು ಹಿಡಿದು ಜಗಳವಾಡುತ್ತಾರೆ. ನಿಜ ಹೇಳಿಬಿಡಲೇ ಎಂದು ಬಾಯಿ ತೆರೆದರೆ ಅಮ್ಮ ಗದರುತ್ತಾಳೆ: “ಸುಮ್ನಿರೋ ಮಾರಾಯ! ಗೊತ್ತಾದ್ರೆ ನನ್ನ ಉಪ್ಪಿನಕಾಯಿ ಜಾಡಿಗೂ ಕೈ ಹಾಕ್ತಾವೆ.”