ಮಾವನವರ ಪಂಚೆ ಮತ್ತು ಸುಬ್ರತ ಮಿತ್ರ

‘ಅಪರಾಜಿತೊ’ ನೋಡಿದ ಮೇಲೆ ನಮ್ಮ ಮನೆಯ ಟ್ಯೂಬ್‌ಲೈಟಿನ ಬೆಳಕು ನನಗೆ ಸೇರದಾಯಿತು. 1956ರ ಆ ಚಿತ್ರದಲ್ಲಿ ಕಾಶಿಯ ಮನೆಯ ಅಂಗಳಕ್ಕೆ ಇಳಿಯುವ ಬೆಳಕು ಎಂಥದ್ದು! ಅಂಗಳವೇನೋ ಕಾಶಿಯದಲ್ಲ, ಬನ್ಸಿ ಚಂದ್ರಗುಪ್ತ ಅದನ್ನು ಕಲ್ಕತ್ತೆಯ ಸ್ಟುಡಿಯೋದಲ್ಲಿ ಕಟ್ಟಿದ್ದರು. ಛಾಯಾಗ್ರಾಹಕ ಸುಬ್ರತ ಮಿತ್ರ ಮೇಲೊಂದು ಬಿಳಿ ಬಟ್ಟೆ ಬಿಗಿಸಿ, ದೀಪಗಳನ್ನು ಅದರತ್ತ ತಿರುಗಿಸಿ, ಅಲ್ಲಿಂದ ಮರಳಿ ಬೀಳುವ ಬೆಳಕಿನಲ್ಲೇ ಚಿತ್ರಿಸಿದರು. ಮರುವರ್ಷ ವೆನಿಸ್‌ನಲ್ಲಿ ಸ್ವರ್ಣಸಿಂಹ ಬಂತು. ಒಂದು ಬಟ್ಟೆ ತಾನೇ ಬೇಕಾದ್ದು?

ಮಾವನವರ ಕಾಶಿಯಾತ್ರೆಗೆ ಜೊತೆಯಾದೆ. ಅವರಿಗೆ ಪುಣ್ಯ, ನನಗೆ ಕಿರುಚಿತ್ರ.

ಜಾಗ ಕರ್ನಾಟಕ ಘಾಟ್. ನಮ್ಮದೇ ಹೆಸರು, ಯಾರು ಕೇಳುತ್ತಾರೆ ಎಂಬ ಧೈರ್ಯ. ಸೂರ್ಯ ಆಚೆ ದಡದಲ್ಲಿ ಹುಟ್ಟುತ್ತಾನೆ. ನದಿಗೆ ಬೆನ್ನು ಹಾಕಿ ಕೂತ ಹೆಂಡತಿಯ, ಅರ್ಥಾತ್ ನಾಯಕಿಯ, ಮುಖ ಕಪ್ಪಾಯಿತು. ಮೈಸೂರಿನ ವಿ.ಕೆ. ಮೂರ್ತಿಯವರು ‘ಕಾಗಜ್ ಕೆ ಫೂಲ್’ನಲ್ಲಿ ಕನ್ನಡಿ ಹಿಡಿಸಿ ಬಿಸಿಲುಕೋಲು ತಂದ ಕಥೆ ಹೇಳಿದೆ. “ನೀವೂ ಕನ್ನಡಿ ತಂದಿದ್ದರೆ ತಲೆಯಾದರೂ ಬಾಚಿಕೊಳ್ತಿದ್ದೆ” ಎಂದಳು. ಮಾವನವರು ನೀರಿಗಿಳಿದಿದ್ದರು. ಅವರ ಬಿಳಿ ಪಂಚೆ ಮೆಟ್ಟಿಲ ಮೇಲಿತ್ತು.

ಪಂಚೆಯ ಒಂದು ತುದಿ ಭಾವಮೈದನ ಕೈಗೆ ಕೊಟ್ಟೆ. ಇನ್ನೊಂದಕ್ಕೆ ಆಳಿಲ್ಲ. ಅಷ್ಟರಲ್ಲಿ ತಲೆ ಬೋಳಿಸಿಕೊಂಡಿದ್ದ ಯುವಕನೊಬ್ಬ ಬಂದು, ಮಾತಿಲ್ಲದೆ ಆ ತುದಿ ಹಿಡಿದ. ಹೆಂಡತಿಯ ಮುಖ ಬೆಳಗಿತು. ನಾನು ಕ್ಯಾಮೆರಾದಲ್ಲಿ ಕರಗಿಹೋದೆ.

ಪಕ್ಕದ್ದೇ ಹರಿಶ್ಚಂದ್ರ ಘಾಟ್ ಎಂಬುದು ನನಗೆ ಮರೆತಿತ್ತು, ಊರಿಗೆ ನೆನಪಿತ್ತು. ಹೋಗುವವರು ಬರುವವರು ಪಂಚೆಗೆ ಕೈಮುಗಿಯತೊಡಗಿದರು. ಒಬ್ಬರು ಹಿಂದಿಯಲ್ಲಿ ಏನೋ ಕೇಳಿದರು. ಪಂಚೆ ಯಾರದೆಂದು ಕೇಳಿದರೆಂದುಕೊಂಡ ಭಾವಮೈದ ಪ್ರಾಮಾಣಿಕವಾಗಿ “ಪಿತಾಜೀ ಕಾ ಹೈ” ಎಂದ. ಅವರು ಅವನ ಬೆನ್ನು ಸವರಿದರು. ಬೆಳಕು ಕಣ್ಣಿಗೆ ಹೊಡೆದು ನನ್ನವಳಿಗೆ ನೀರು ಬರುತ್ತಿತ್ತು. ಮುದುಕಿಯೊಬ್ಬಳು ಪಕ್ಕದಲ್ಲಿ ಕೂತು ತಾನೂ ಅತ್ತಳು. ಸೌದೆಯವನು ನನ್ನ ಕಿವಿಯಲ್ಲಿ ಎಷ್ಟು ಮಣ ಬೇಕೆಂದ. ಕೈಸನ್ನೆಯಲ್ಲಿ ಆಮೇಲೆ ಎಂದೆ, ಟೇಕ್ ನಡೆಯುತ್ತಿತ್ತು. ಆಗ ಗಂಗೆಯಿಂದ, ಒದ್ದೆ ಟವೆಲಿನಲ್ಲಿ, ಪಿತಾಜೀ ಎದ್ದು ಬಂದರು. “ನನ್ನ ಪಂಚೆ ಎಲ್ಲಯ್ಯಾ?”

ಮುದುಕಿ ಅಳು ನಿಲ್ಲಿಸಿ ಅವರನ್ನೇ ನೋಡಿದಳು. ಸೌದೆಯವನು ಮಾತ್ರ ವ್ಯವಹಾರಸ್ಥ. ಅವರ ವಯಸ್ಸು ನೋಡಿ, ಅಲ್ಲೇ ನಿಂತ.

ಯುವಕ ನಕ್ಕುಬಿಟ್ಟ. ಬೆಳಗಿನ ಜಾವವಷ್ಟೇ ತನ್ನ ತಂದೆಯ ಚಿತೆಗೆ ಬೆಂಕಿಯಿಟ್ಟವನು ಅವನು ಎಂದು ಆಮೇಲೆ ತಿಳಿಯಿತು. ನಮಗೂ ಹಾಗೇ ಆಗಿದೆಯೆಂದು ಹೆಗಲು ಕೊಡಲು ಬಂದಿದ್ದ. ಅತ್ತ ಉದ್ದ ಲೆನ್ಸಿನ ನಾಲ್ಕಾರು ಜನ ದೋಣಿಯಲ್ಲಿ ನಿಂತು ಉರಿಯುವ ಚಿತೆಗಳಿಗೆ ಫೋಕಸ್ ಮಾಡುತ್ತಿದ್ದರು. ಅವರ ಮೇಲೆ ನನಗೆ ಬಂದ ಸಿಟ್ಟಿಗೆ ಹೆಂಡತಿ, “ಮೊದಲು ನಿಮ್ಮದನ್ನು ಆಫ್ ಮಾಡಿ” ಎಂದಳು.

ಕಾಶಿಗೆ ಹೊರಟಿರುವ ಭಾವೀ ನಿರ್ದೇಶಕರಲ್ಲಿ ನನ್ನದೊಂದೇ ವಿನಂತಿ: ಥರ್ಮಾಕೋಲ್ ಒಯ್ಯಿರಿ.